ಇಬ್ಬರು ಕೂರುವ ಅಳತೆ

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ಕಾಲುವೆ ದಾಟಿದರೆ ಎಡಗಡೆಗೊಂದು ತಗಡಿನ ಶೆಡ್ಡು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಭತ್ತದ ಗದ್ದೆಗಳ ಮೇಲೆ ತೆಳ್ಳಗೆ ಮಂಜು ಕೂತಿದೆ. ಒಳಗೆ ಒಂದೇ ಬಲ್ಬಿನ ಕೆಳಗೆ ಮರಿಲಿಂಗಪ್ಪ ಲೇತಿನ ಮುಂದೆ ಬಗ್ಗಿ ನಿಂತಿದ್ದಾರೆ. ತಿರುಗುವ ಗಾಲಿಯಿಂದ ಕಬ್ಬಿಣದ ಸಿಪ್ಪೆ ಸುರುಳಿ ಸುರುಳಿಯಾಗಿ ಇಳಿದು ಅವರ ಚಪ್ಪಲಿಯ ಮೇಲೆ ಬೀಳುತ್ತಿದೆ. ಯಂತ್ರ ನಿಲ್ಲಿಸಿ ಗಾಲಿಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ. ಸಮಾಧಾನವಾಗದೆ ಮತ್ತೆ ಚಾಲೂ ಮಾಡುತ್ತಾರೆ.

"ಗಿರಾಕಿ ಬರೋದರಾಗ ನಂದು ಮುಗಿಸಬೇಕ್ರಿ. ಆಮ್ಯಾಲ ಈ ಲೇತು ನಂದಲ್ಲ, ಊರಂದು."

ಊರಿನ ಕೆಲಸಕ್ಕೇನೂ ಬರವಿಲ್ಲ. ಪಂಪಿನ ಸವೆದ ಶಾಫ್ಟು, ಟ್ರ್ಯಾಲಿಯ ಮುರಿದ ಪಿನ್ನು, ಭತ್ತ ಕೊಯ್ಯುವ ಯಂತ್ರದ ಬುಷ್ಷು. ಸುಗ್ಗಿಯಲ್ಲಿ ಊಟಕ್ಕೂ ಬಿಡುವಿರುವುದಿಲ್ಲ. ಕಾಲುವೆಯ ಉದ್ದಕ್ಕೂ ರೈತರಿಗೆ ಈ ಶೆಡ್ಡು ಗೊತ್ತು. ಅದರೊಳಗಿನ ಮನುಷ್ಯನ ಹೆಸರು ಗೊತ್ತಿರುವವರು ಕಡಿಮೆ. 'ಲೇತಿನಾಂವ' ಅಂದರೆ ಮುಗಿಯಿತು.

ಈ ಗಾಲಿ ಮಾತ್ರ ಯಾವ ಗಿರಾಕಿಯದೂ ಅಲ್ಲ. ಮರಿಲಿಂಗಪ್ಪ ತಾವೇ ಕಟ್ಟುತ್ತಿರುವ, ಮೇಲೆ ಕೂತು ಓಡಿಸಬಹುದಾದ ಪುಟ್ಟ ರೈಲು ಎಂಜಿನ್ನಿನ ಕೊನೆಯ ಗಾಲಿ ಇದು.

ಸುರಪುರ, ಶಹಾಪುರದವರು ರೈಲು ಹತ್ತಬೇಕಾದರೆ ಯಾದಗಿರಿಗೇ ಹೋಗಬೇಕು. ಆದರೆ ಬೋನಾಳದ ಕುರಿಗಾಹಿ ಮನೆಯಲ್ಲಿ ಹುಟ್ಟಿದ ಮರಿಲಿಂಗಪ್ಪ ಯಾದಗಿರಿಯ ರೈಲು ನೋಡುವ ಮೊದಲೇ ಇನ್ನೊಂದನ್ನು ನೋಡಿದ್ದರು. ಕಾಲುವೆ ಅಗೆಯುವ ಕಾಲ. ಕಕ್ಕೇರಾದ ಕಡೆ ಕಲ್ಲುಮಣ್ಣು ಸಾಗಿಸಲು ಗುತ್ತಿಗೆದಾರರು ಎರಡಡಿ ಅಗಲದ ಹಳಿ ಹಾಸಿ, ಸಣ್ಣದೊಂದು ಡೀಸೆಲ್ ಎಂಜಿನ್ ತಂದಿದ್ದರು. ಮೀಸೆ ಚಿಗುರುವ ವಯಸ್ಸಿನಲ್ಲಿ ಆ ಕಾಲುವೆ ಕೆಲಸದ ಕ್ಯಾಂಪಿಗೆ ಕೂಲಿಗೆ ಬಂದ ಮರಿಲಿಂಗಪ್ಪನನ್ನು ಆ ಎಂಜಿನ್ನಿನ ಡ್ರೈವರ್ ಲಾಡ್ಲೇಸಾಬ ಪಕ್ಕಕ್ಕೆ ಕೂರಿಸಿಕೊಂಡರು. ಗ್ರೀಸು ಹಚ್ಚುವುದು, ಬ್ರೇಕು ನೋಡುವುದು, ಹಿಂದಿನ ಮಣ್ಣಿನ ಡಬ್ಬಿಗಳು ಹಳಿ ತಪ್ಪಿದರೆ ಕೂಗುವುದು ಇವರ ಕೆಲಸ. ವರ್ಷಗಟ್ಟಲೆ ಇಬ್ಬರದೂ ಒಂದೇ ಸೀಟು, ಒಂದೇ ಬುತ್ತಿ.

ನೀರು ಬಂತು, ಕ್ಯಾಂಪು ಖಾಲಿಯಾಯಿತು. ಎಲ್ಲೆಲ್ಲಿಂದಲೋ ಬಂದವರು ಗಂಟುಮೂಟೆ ಕಟ್ಟಿ ಬೇರೆ ಡ್ಯಾಮು, ಬೇರೆ ಕಾಲುವೆಯ ದಾರಿ ಹಿಡಿದರು. ಎಂಜಿನ್ನನ್ನು ಗುಜರಿಗೆ ಹಾಕಲು ಹೇಳಿದಾಗ ಕ್ಯಾಂಪಿನಲ್ಲಿ ಗ್ಯಾಸಿನಿಂದ ಕಬ್ಬಿಣ ಕತ್ತರಿಸಬಲ್ಲವರು ಉಳಿದಿದ್ದದ್ದು ಮರಿಲಿಂಗಪ್ಪ ಒಬ್ಬರೇ.

"ನಾನs ಕತ್ತರಿಸಿದೆ ನೋಡ್ರಿ. ಲಾಡ್ಲೇಸಾಬ ಬಂದು ನಿಂತಿದ್ದ. ಒಂದು ಬೀಡಿ ಹಚ್ಚಿದ. ಮುಗಿಯೂತನಕ ಅಲ್ಲೇ ನಿಂತ. ಕಡೀಕ 'ಬರ್ತೀನಿ ಮರಿಲಿಂಗ' ಅಂದ. ಅಷ್ಟ. ಕೆಲಸ ಮುಗದಮ್ಯಾಲ ಯಾರು ನಿಲ್ತಾರ್ರಿ?"

ಆಮೇಲೆ ಅವರ ಸುದ್ದಿಯೇ ಇಲ್ಲ. ಮರಿಲಿಂಗಪ್ಪ ಹಳೆಯ ಲೇತೊಂದನ್ನು ಕೊಂಡು ರಸ್ತೆ ಬದಿಗೆ ಶೆಡ್ಡು ಹಾಕಿದರು. ಲಗ್ನದ ಮಾತು ಬಂದಾಗಲೆಲ್ಲ ಮುಂದಿನ ವರ್ಷ ಅಂದರು, ಕೊನೆಗೆ ಮಾತು ಬರುವುದೇ ನಿಂತಿತು. ಬೋನಾಳದ ಅಣ್ಣತಮ್ಮಂದಿರು ಅವರವರ ಸಂಸಾರದಲ್ಲಿದ್ದಾರೆ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಇವರು ಒಂದು ರೊಟ್ಟಿ ಹೆಚ್ಚು ಬಡಿದರೆ ಅದು ಮರುದಿನಕ್ಕೆ.

ಕತ್ತರಿಸಿದ ಎಂಜಿನ್ನನ್ನು ಮತ್ತೆ ಕಟ್ಟಬೇಕೆಂಬ ಹುಕಿ ಹತ್ತಿದ್ದು ಕೂದಲು ಪೂರ್ತಿ ಬೆಳ್ಳಗಾದ ಮೇಲೆ. ಎಷ್ಟು ದೊಡ್ಡದು ಎಂಬಲ್ಲೇ ಮೊದಲು ಸಿಕ್ಕಿಬಿದ್ದರು. ಕಾಲುಭಾಗದ ಅಳತೆಗೆ ಮಾಡಿದರೆ ಹಳಿ ಅರ್ಧ ಅಡಿ ಅಗಲ, ಒಬ್ಬರೇ ಎತ್ತಿ ಇಡಬಹುದು. ಅರ್ಧ ಅಳತೆಯಾದರೆ ಹಳಿ ಒಂದಡಿ, ಆದರೆ ತೂಕ ಇಮ್ಮಡಿಯಲ್ಲ, ಎಂಟು ಪಟ್ಟು. "ಎತ್ತಾಕ ನಾಕು ಮಂದಿ ಬೇಕು. ನಾ ಯಾರನ್ನ ಕರೀಲಿ? ಅದಕ್ಕs ಕಾಲುಭಾಗ ಮಾಡಿದೆ." ಸ್ಕೂಟರಿನ ಬ್ಯಾಟರಿ, ಸಣ್ಣ ಮೋಟರು. ಶೆಡ್ಡಿನ ಹಿಂದೆ ಕಾಲುವೆಯ ಕಡೆಗೆ ಆಂಗಲ್ ಪಟ್ಟಿಯ ಹಳಿ.

ಅದು ಓಡಿತು. ಮೊಣಕಾಲು ಗದ್ದಕ್ಕೆ ತಾಗುವಂತೆ ಮುದುಡಿ ಕೂತ ಮರಿಲಿಂಗಪ್ಪ ಸ್ವಲ್ಪ ದೂರ ಹೋಗಿ, ಹಿಂದಕ್ಕೆ ತಿರುಗಿ ನೋಡಿದರು. ಅಷ್ಟೇ, ಎಂಜಿನ್ ಪಕ್ಕಕ್ಕೆ ವಾಲಿ ಕಾಲಿನ ಮೇಲೆ ಮಗುಚಿತು.

ಹಿಂದೆ ಏನಿತ್ತು ಎಂದು ಕೇಳಿದರೆ ಹೇಳುತ್ತಾರೆ:

"ಏನೂ ಇರಲಿಲ್ರಿ. ಕ್ಯಾಂಪಿನ್ಯಾಗ ಹಿಂದಿನ ಡಬ್ಬಿ ನೋಡಿ ನೋಡಿ ರೂಢಿ."

ಬಿದ್ದ ಭಂಗಿಯಲ್ಲಿ ಎಂಜಿನ್ ಎತ್ತಿ ಕಾಲು ಬಿಡಿಸಿಕೊಳ್ಳಲಾಗದೆ ಬಿಸಿಲೇರುವವರೆಗೂ ಬಿದ್ದಿದ್ದರು. ಹಾದಿಯಲ್ಲಿ ವಾಹನಗಳು ಹೋಗುತ್ತಲೇ ಇದ್ದವು. ಕೂಗಿದರೂ ಯಾರಿಗೂ ಕೇಳಲಿಲ್ಲ. ಕೊನೆಗೆ ಬಂದದ್ದು ಕಾಲುವೆ ದಂಡೆಯಲ್ಲಿ ಕುರಿ ಮೇಯಿಸುವ ಹಣಮಮ್ಮ. ಕೋಲಿನಿಂದ ಮೀಟಿ ಎಂಜಿನ್ ಎತ್ತಿ, ಅವರನ್ನು ಎಳೆದು ಕೂರಿಸಿ, ನೀರು ಕುಡಿಸಿ, ಆಮೇಲೆ ಆ ಯಂತ್ರವನ್ನು ಸುತ್ತು ಹಾಕಿ ನೋಡಿದರು.

"ಯಣ್ಣಾ, ಇದು ರೈಲೇನು?"

"ಹೂಂ."

"ರೈಲಂದ್ರ ಮಂದಿ ಕೂಡ್ತಾರಲ್ಲ. ಇದರಾಗ ಇನ್ನೊಬ್ರು ಎಲ್ಲಿ ಕೂಡ್ಬೇಕು?"

ಮರಿಲಿಂಗಪ್ಪ ಕಾಲು ಉಜ್ಜಿಕೊಳ್ಳುತ್ತಾ ಸೀಟಿನ ಅಗಲ ನೋಡಿದರು. ಕಾಲಿನ ಬಾವು ಇಳಿದ ಮೇಲೆ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಚೌಕ ಬರೆದರು: ಕಾಲುಭಾಗ, ಮೂರರಲ್ಲೊಂದು ಭಾಗ, ಅರ್ಧ. ಒಂದೊಂದರಲ್ಲೂ ಕೂತು ನೋಡಿದರು. ಕಾಲುಭಾಗದಲ್ಲಿ ತಾವೇ ಹೊರಗೆ ಚೆಲ್ಲುತ್ತಿದ್ದರು. ಮೂರರಲ್ಲೊಂದರಲ್ಲಿ ಒಬ್ಬರಿಗೆ ಆರಾಮ. ಅರ್ಧದಲ್ಲಿ ಕೂತಾಗ ಬಲಗಡೆ ಜಾಗ ಉಳಿಯಿತು. ಒತ್ತಿ ಕೂತರೆ ಇನ್ನೊಬ್ಬರು ಹಿಡಿಸುತ್ತಾರೆ. ಜೊತೆಗೆ, ಗದ್ದೆಗೆ ಕರೆಂಟು ಬಂದ ಮೇಲೆ ಮೂಲೆಗೆ ಬಿದ್ದ ನೀರೆತ್ತುವ ಡೀಸೆಲ್ ಎಂಜಿನ್ ಒಂದನ್ನು ಇದರಲ್ಲಿ ಕೂರಿಸಬಹುದು. ಅರ್ಧವೇ ಗಟ್ಟಿಯಾಯಿತು; ಶೆಡ್ಡಿನ ಹಿಂದಿನ ಹಳಿಯನ್ನೂ ಒಂದಡಿ ಅಗಲಕ್ಕೆ ಮತ್ತೆ ಹಾಸಿದರು.

"ಕಬ್ಬಿಣ ಎಷ್ಟರ ಸಣ್ಣದು ಮಾಡ್ರಿ, ಕೂಡೋ ಮನುಷ್ಯಾ ಸಣ್ಣಾವ ಆಗ್ತಾನೇನ್ರಿ?" ಎನ್ನುತ್ತಾರೆ. ಆ ಡೀಸೆಲ್ ಎಂಜಿನ್ ಹಿಡಿಸಲು ಮೇಲಿನ ಮುಚ್ಚಳ ನಾಲ್ಕು ಬೆರಳು ಎತ್ತರವಾಗಿದೆ. ಅಲ್ಲಿ ಅಳತೆ ತಪ್ಪಿತೆಂಬ ಬೇಸರ ಅವರಿಗೆ ಇನ್ನೂ ಹೋಗಿಲ್ಲ.

ಗಾಲಿ ತಯಾರಾಗಿದೆ. ಅಚ್ಚಿಗೆ ಸೇರಿಸಿದ ಮೇಲೆ ಎಂಜಿನ್ನನ್ನು ಹಳಿಗೆ ಎತ್ತಿಡಬೇಕು. ಎದುರಿನ ಗೋದಾಮಿನ ಮುಂದೆ ಹಮಾಲರು ಭತ್ತದ ಚೀಲ ಹೇರುತ್ತಿದ್ದಾರೆ. ಮರಿಲಿಂಗಪ್ಪ ರಸ್ತೆಯ ಅಂಚಿಗೆ ಹೋಗಿ ನಿಲ್ಲುತ್ತಾರೆ. ಕೈ ಒರೆಸಿಕೊಳ್ಳುತ್ತಾರೆ. ತಿರುಗಿ ಬರುತ್ತಾರೆ. ಮತ್ತೆ ಹೋಗಿ, "ತಮ್ಮಾ, ಒಂದೀಟು ಕೈ ಹಚ್ಚತೀರೇನು?" ಎಂದು ಕೇಳುತ್ತಾರೆ. ಅವರು ನಗುತ್ತಾ ಬಂದು, ಹೊತ್ತು ಹಳಿಯ ಮೇಲಿಟ್ಟು, ನಿಂತು ನೋಡಲು ಪುರಸೊತ್ತಿಲ್ಲದೆ ಹೊರಟುಹೋಗುತ್ತಾರೆ.

ಡೀಸೆಲ್ ಎಂಜಿನ್ ಕೆಮ್ಮಿ, ಹೊಗೆಯುಗುಳಿ, ಶುರುವಾಗುತ್ತದೆ. ಸದ್ದಿಗೆ ದಂಡೆಯ ಮೇಲಿನ ಕುರಿಗಳು ಚದುರುತ್ತವೆ. ಹಣಮಮ್ಮ ಕೋಲೂರಿ ನಿಂತಿದ್ದಾರೆ.

"ಬಾರವ್ವಾ, ಕೂಡು. ಈಗ ಜಾಗ ಅದ."

"ಯಣ್ಣಾ, ಕುರಿ ಯಾರು ನೋಡಬೇಕು? ಕಾಲುವ್ಯಾಗ ಬಿದ್ದಾವು. ನೀ ಹೋಗು."

ಮರಿಲಿಂಗಪ್ಪ ಒಬ್ಬರೇ ಹೊರಡುತ್ತಾರೆ, ಸೀಟಿನ ಎಡಗಡೆ ಕೂತು, ಬಲಗಡೆಯ ಹಲಗೆಯನ್ನು ಖಾಲಿ ಬಿಟ್ಟು. ಎಂಜಿನ್ ವಾಲುವುದಿಲ್ಲ. ಹಳಿ ಮುಗಿಯುವಲ್ಲಿ ನಿಂತು, ಹಿಮ್ಮುಖವಾಗಿ ಅಷ್ಟೇ ನಿಧಾನಕ್ಕೆ ವಾಪಸು ಬರುತ್ತಾರೆ. ಅಷ್ಟರಲ್ಲಿ ಹಣಮಮ್ಮ ಕುರಿಗಳ ಹಿಂದೆ ಬಹಳ ದೂರ ಹೋಗಿಯಾಗಿದೆ. ಶೆಡ್ಡಿನ ಬಾಗಿಲಲ್ಲಿ ಗಿರಾಕಿಯೊಬ್ಬ ಮುರಿದ ಶಾಫ್ಟು ಹಿಡಿದು ಮೊಬೈಲು ನೋಡುತ್ತಿದ್ದಾನೆ.

ಎಂಜಿನ್ ಆರಿಸಿದರೂ ಮರಿಲಿಂಗಪ್ಪ ಕೂಡಲೇ ಇಳಿಯುವುದಿಲ್ಲ.

"ಛಲೋ ಓಡ್ತದ್ರಿ," ಎನ್ನುತ್ತಾರೆ. "ಒಮ್ಮೆ ಯಾರರೆ ಬಾಜೂಕ ಕೂತು, 'ಸಾವಕಾಶ ನಡಸಲೇ' ಅಂತ ಬೈದ್ರ ಸಾಕು. ಅದಕ್ಕs ಈ ಅಳತಿ ಹಿಡದೇನಿ."