ಮುಷ್ಟಿಯ ಬಿಸಿಗೂ ಏರದ ಅಂಕಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಲಸಿಕೆ ಕೋಣೆಯಲ್ಲಿ ಹೆಂಗಸೊಬ್ಬರು ಹೊಸ ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತಾಪ ಅಳೆಯುವ, ಬೆಂಕಿಪೊಟ್ಟಣದಷ್ಟಿರುವ ಸೆನ್ಸರನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಾರೆ. ಕಣ್ಣು ಮೇಜಿನ ಮೇಲಿನ ಪರದೆಯತ್ತ. ಅಲ್ಲಿ ನಾಲ್ಕು ಡಿಗ್ರಿ. ಕೈಯ ಬಿಸಿಗೆ ಅಂಕಿ ಏರಬೇಕು. ಜಪ್ಪಯ್ಯ ಅಂದರೂ ಏರುತ್ತಿಲ್ಲ.

“ನಾಲ್ಕಿದೆಯಲ್ಲ ವೈರಕ್ಕ, ಸರಿಯಾಗೇ ಇದೆ. ತಾಯಂದಿರು ಬಂದು ಕೂತಿದಾರೆ, ಲಸಿಕೆ ಒಳಗಿಟ್ಬಿಡ್ಲಾ?” ಎಳೆಯ ನರ್ಸಿಗೆ ಅವಸರ.

“ತಡೀರಿ ಸಿಸ್ಟರ್. ನನ್ನ ಕೈಯೇನು ಮಂಜುಗಡ್ಡೆನಾ?”

ಸೆನ್ಸರು ಫ್ರಿಜ್ಜಿನೊಳಗಿನ ತಂಪನ್ನು ಬ್ಲೂಟೂತ್ ಮೂಲಕ ಗೋಡೆಯ ಮೇಲಿನ ಪೆಟ್ಟಿಗೆಗೆ ಹೇಳುತ್ತದೆ. ಅಲ್ಲಿಂದ ಪರದೆಗೆ ಸೀರಿಯಲ್ ಕೇಬಲ್. ಅದರಲ್ಲಿ ಸುದ್ದಿ ಸೊನ್ನೆ-ಒಂದುಗಳ ಬಿಟ್‌ಗಳಾಗಿ, ಒಂದರ ಹಿಂದೊಂದು ಸಾಲು ತಪ್ಪದೆ ಹೋಗುತ್ತದೆ. ಎರಡೂ ತುದಿಯ ವೇಗ, ಅಂದರೆ ಬಾಡ್ ರೇಟ್, ಒಂದೇ ಇರಬೇಕು. ಇಲ್ಲದಿದ್ದರೆ ಪರದೆ ತುಂಬ ಕಾಗೆ ಕಾಲು ಗುಬ್ಬಿ ಕಾಲು.

“ಕೇಬಲ್ ಕೆಟ್ರೆ ಕಣ್ಣಿಗೆ ಕಾಣುತ್ತೆ. ಬ್ಲೂಟೂತ್ ಅನ್ನೋದು ಗೋಡೆಯಾಚೆ ಕೂಗಿದ ಹಾಗೆ. ಪಕ್ಕದ ಮನೆಯವರು ಓಗೊಟ್ರೂ ನಮ್ಮವರೇ ಅಂದ್ಕೋತೀವಿ,” ಎನ್ನುತ್ತಾರೆ ವೈರಕ್ಕ. ಇವತ್ತು ಆಗಿರುವುದೂ ಅದೇ. ಪಕ್ಕದ ರಕ್ತನಿಧಿಯ ಫ್ರಿಜ್ಜಿನಲ್ಲಿರುವ ಸೆನ್ಸರಿಗೂ ಇದಕ್ಕೂ ತಯಾರಿಸಿದವರು ಇಟ್ಟ ಹೆಸರು ಒಂದೇ. ಪೆಟ್ಟಿಗೆಗೆ ಜೋಡಿಸುವಾಗ ವೈರಕ್ಕ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಒತ್ತಿಬಿಟ್ಟಿದ್ದಾರೆ. ಪರದೆ ತೋರಿಸುತ್ತಿರುವುದು ನೆರೆಮನೆಯ ತಂಪು!

ಹಿಂದೆ ಇವರು ಪ್ರಿಂಟರ್ ರಿಪೇರಿ ಅಂಗಡಿಯಲ್ಲಿ ಕೇಬಲ್‌ಗಳಿಗೆ ಬೆಸುಗೆ ಹಾಕುತ್ತಿದ್ದರು. ಹೊಗೆಗೆ ಕಣ್ಣುರಿ, ಕಾಲಬಳಿಯ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿದ ಮಗಳು. ಆ ಕೇಬಲ್‌ಗಳನ್ನು ಕೇಳುವವರಿಲ್ಲದೆ ಅಂಗಡಿ ಮುಚ್ಚಿದ ಮೇಲೆ ಇಲ್ಲಿಗೆ ಗುತ್ತಿಗೆ ಕೆಲಸಕ್ಕೆ ಬಂದರು. ಈಗ ಮೂರು ಮಹಡಿ, ಇಪ್ಪತ್ತು ಫ್ರಿಜ್ಜು, ಕೂರಲು ಮೆಟ್ಟಿಲ ಕೆಳಗೊಂದು ಸ್ಟೂಲು. ಯಾವ ಸೆನ್ಸರನ್ನೇ ಜೋಡಿಸಲಿ, ಮುಷ್ಟಿಯಲ್ಲಿ ಹಿಡಿದು ನೋಡದೆ ಬಿಡುವವರಲ್ಲ.

ರಕ್ತನಿಧಿಯವರಿಗೆ ಹೇಳಿ, ಅಲ್ಲಿನ ಸೆನ್ಸರಿನ ಬ್ಯಾಟರಿಯನ್ನು ಗಳಿಗೆಯ ಮಟ್ಟಿಗೆ ತೆಗೆಸಿ, ವೈರಕ್ಕ ಮತ್ತೆ ಜೋಡಿಸುತ್ತಾರೆ. ಅಂಕಿ ಮುಷ್ಟಿಯ ಬಿಸಿಗೆ ಸರಸರ ಏರುತ್ತದೆ. ಸೆನ್ಸರನ್ನು ಫ್ರಿಜ್ಜಿಗಿಟ್ಟು ಕಾಯುತ್ತಾರೆ. ಅಂಕಿ ಇಳಿಯುತ್ತಾ ಬಂದು ಹನ್ನೊಂದಕ್ಕೇ ನಿಂತುಬಿಡುತ್ತದೆ; ಲಸಿಕೆಗೆ ಎಂಟು ದಾಟಬಾರದು. ಬಾಗಿಲಿನ ರಬ್ಬರು ಮೂಲೆಯಲ್ಲಿ ಮಡಚಿಕೊಂಡು ತಂಪೆಲ್ಲ ಸೋರುತ್ತಿದೆ.

ನರ್ಸು ಲಸಿಕೆ ಬಂದ ಐಸ್ ಪೆಟ್ಟಿಗೆಯ ಮುಚ್ಚಳ ಒತ್ತಿಹಿಡಿಯುತ್ತಾರೆ. “ಅಯ್ಯೋ, ಇದರಲ್ಲಿ ಇಟ್ಟಿದ್ರೆ ಎಲ್ಲಾ ಹಾಳಾಗ್ತಿತ್ತು!”

“ಇಡ್ಲಿಲ್ವಲ್ಲ. ಇವತ್ತಿಗೆ ಐಸ್ ಪೆಟ್ಟಿಗೆಯಿಂದಲೇ ತೆಗೆದು ಮಕ್ಕಳಿಗೆ ಚುಚ್ಚಿ, ನಾನು ರಬ್ಬರ್ ನೋಡ್ತೀನಿ.”

ಮೊದಲ ಮಗು ಸೂಜಿ ತಾಗಿದ್ದೇ ಕಟ್ಟಡ ಹಾರಿಹೋಗುವಂತೆ ಕಿರುಚುತ್ತದೆ. ತಾಯಿಗೂ ಕಣ್ಣೀರು. ವೈರಕ್ಕ ರಬ್ಬರು ನೀವುತ್ತಾ, ತಲೆಯೆತ್ತದೆ ಹೇಳುತ್ತಾರೆ: “ಅಳ್ಲಿ ಬಿಡಮ್ಮ. ಕೆಟ್ಟ ಲಸಿಕೆ ಚುಚ್ಚಿದ್ರೂ ಇಷ್ಟೇ ಅಳೋದು. ನಿನ್ನ ಕೂಸು ಅತ್ತಿದ್ದು ದಂಡ ಆಗ್ಲಿಲ್ಲ.”