ಕಿವಿಯೊಳಗಿನ ಹತ್ತಿ

ಕುರುಗೋಡಿನಲ್ಲಿ ಅಕ್ಕನ ನಿಶ್ಚಿತಾರ್ಥದ ದಿನ. ಸಿರುಗುಪ್ಪದ ಸೋದರಮಾವನ ಮಗ, ವರಸೆಯಲ್ಲಿ ನನಗೆ ಬಾವ, ಬೀಗರೆದುರೇ ನನ್ನ ಚೀಲದಿಂದ ಇನ್ಹೇಲರ್ ಎತ್ತಿ ತೋರಿಸಿದ.

"ನೋಡ್ರಿ, ನಮ್ಮ ವಕೀಲಮ್ಮಗ ಪಂಪ್ ಹೊಡದ್ರನೇ ಮಾತು ಹೊಂಡತಾವು!"

ಎಲ್ಲರೂ ನಕ್ಕರು. ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದಿದ್ದಕ್ಕೆ ನನಗೆ ಬಿದ್ದ ಹೆಸರು ವಕೀಲಮ್ಮ. ತಿರುಗಿ ಕೊಡಬೇಕು, ಅದೂ ಜನರೆದುರೇ, ಎಂದು ಅವತ್ತೇ ತೀರ್ಮಾನಿಸಿದೆ.

ಮದುವೆಯಾಗದವರ ಕಾಯಿಲೆಯನ್ನು ಯಾವ ಕಾಗದದಲ್ಲೂ ಬರೆಸಬಾರದೆಂಬುದು ನಮ್ಮ ಮನೆತನದ ಕಟ್ಟುಪಾಡು. ಬಾವನ ಎಡಗಿವಿ ಚಿಕ್ಕಂದಿನಿಂದ ಸೋರುತ್ತಿತ್ತು. ಕಿವಿತಮಟೆಯಲ್ಲಿ ತೂತಿದೆ ಎಂದು ಡಾಕ್ಟರು ಹೇಳಿದ್ದನ್ನು ಅತ್ತೆ ಬೆಳ್ಳುಳ್ಳಿ ಎಣ್ಣೆ ಹಾಕಿ, ಹತ್ತಿ ತುರುಕಿ ಮುಚ್ಚಿಟ್ಟಿದ್ದರು. ಅವನದಾದರೆ ಗುಟ್ಟು, ನನ್ನದಾದರೆ ತಮಾಷೆ. ಇದ್ಯಾವ ನ್ಯಾಯ?

ಅದಾದ ಮೇಲೆ, ಹೋದ ವರ್ಷ, ಕರಾವಳಿಯ ತರಬೇತುದಾರರೊಬ್ಬರು ಬಳ್ಳಾರಿಯ ಈಜುಕೊಳವೊಂದರಲ್ಲಿ ಸಿಲಿಂಡರ್ ಹೊತ್ತು ನೀರಡಿ ಈಜುವ ಸ್ಕೂಬಾ ಕಲಿಸಲು ಬಂದರು. ಮೊದಲ ಪಾಠ ಇಲ್ಲಿ, ಆಮೇಲೆ ಸಮುದ್ರ. ಬಾವನೂ ಸೇರಿ ನಮ್ಮ ಸಂಬಂಧಿಕರ ಹುಡುಗರೆಲ್ಲ ಹೆಸರು ಕೊಟ್ಟೆವು. ಮುಂಚಿತವಾಗಿಯೇ ಆರೋಗ್ಯದ ಫಾರಂ ಬಂತು: ಅಸ್ತಮಾ ಇದೆಯೇ? ಕಿವಿಯ ತೊಂದರೆ? ನಾನು ಅಸ್ತಮಾಗೆ 'ಹೌದು' ಎಂದೆ; ಹಾಗೆಂದವರು ಡಾಕ್ಟರ ಸಹಿ ತರಬೇಕಿತ್ತು. ಉಸಿರು ಅಳೆಯುವ ಕೊಳವೆ ಊದಿಸಿ ನೋಡಿದ ಡಾಕ್ಟರು ಸಹಿ ಹಾಕಲಿಲ್ಲ. ನೀರಿನಿಂದ ಮೇಲೇರುವಾಗ ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದಂತೆ. ವಾದಿಸಿದೆ, ಸೋತೆ. ಆದರೂ ಕೊಳಕ್ಕೆ ಹೋದೆ.

ಬಾವ ಸಿಲಿಂಡರ್ ಬೆನ್ನಿಗೇರಿಸಿಕೊಂಡು ನಿಂತಿದ್ದ.

"ಏನ್ ವಕೀಲಮ್ಮ, ಖರೇ ಬರದು ಕೆಟ್ಟಿ ನೋಡು. ದಂಡಿ ಮ್ಯಾಲೆ ಕುಂತು ನಮ್ಮ ಚಪ್ಲಿ ಕಾಯಿ."

"ಆತು ಬಾವಾ," ವೇದಿಕೆಯ ದನಿ ತೆಗೆದೆ. "ಕಿವ್ಯಾಗಿನ ಹತ್ತಿ ತಗದಿ ಇಲ್ಲೋ?"

ತರಬೇತುದಾರರು ತಿರುಗಿದರು. "ಯಾವ ಹತ್ತಿ?"

"ಏನಿಲ್ರಿ ಸರ, ಸ್ವಲ್ಪ ಥಂಡಿ..." ಎಂದ ಬಾವ.

"ಹೌದ್ರಿ ಸರ," ಎಂದೆ. "ಸಣ್ಣಾಂವ ಇದ್ದಾಗಿಂದ ಥಂಡಿ ಐತಿ. ಒಂದೇ ಕಿವಿಗೆ."

ಈ ಸಲ ಜನ ನಕ್ಕಿದ್ದು ಅವನನ್ನು ನೋಡಿ. ತರಬೇತುದಾರರು ನಗಲಿಲ್ಲ. ತಮಟೆಯ ತೂತಿನಿಂದ ತಣ್ಣೀರು ಒಳಹೊಕ್ಕರೆ ತಲೆ ತಿರುಗಿ, ನೀರಡಿಯಲ್ಲಿ ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ ಎಂದರು. ಡಾಕ್ಟರ ಸಹಿ ತರುವವರೆಗೆ ಇಳಿಸುವುದಿಲ್ಲ ಎಂದು ಸಿಲಿಂಡರ್ ಬಿಚ್ಚಿಸಿದರು. "ಒಳ್ಳೇ ಕೆಲಸ ಮಾಡಿದ್ರಿ," ಎಂದು ನನ್ನನ್ನು ಹೊಗಳಿದರು.

ಒಳ್ಳೆಯ ಕೆಲಸವೇನಲ್ಲ. ಅವನು ಫಾರಂನಲ್ಲಿ ಎಲ್ಲಕ್ಕೂ 'ಇಲ್ಲ' ಎಂದು ಗೀಚಿದ್ದನ್ನು ಹಿಂದಿನ ದಿನವೇ ನೋಡಿದ್ದೆ. ಮನೆಯಲ್ಲೇ ಹೇಳಬಹುದಿತ್ತು. ಜನ ಸೇರಲಿ ಎಂದು ಕಾದೆ.

ಉಳಿದವರು ನೀರಿಗಿಳಿದರು. ಬಾವ ಬಂದು ನನ್ನಿಂದ ಮಾರು ದೂರ, ದಂಡೆಯ ಮೇಲೆ ಕೂತ. ಚಪ್ಪಲಿಗಳನ್ನೆಲ್ಲ ಒಂದೊಂದಾಗಿ ಅವನ ಕಡೆಗೆ ಸರಿಸಿದೆ.