ಕುಂಕುಮ ಹಚ್ಚಿದ ಫ್ಲಾಪಿ

ಕಂಪ್ಯೂಟರು ಬಂದ ಮೇಲೆ ಯಾರಾದರೂ ಕಾಗದ ಕೊಟ್ಟರೆ ಪುಟ್ಟಸ್ವಾಮಣ್ಣ ಅದನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿಕೊಳ್ಳುತ್ತಿದ್ದ. ಕೆ.ಆರ್. ಪೇಟೆ ಬಸ್ ನಿಲ್ದಾಣದ ಹಿಂದೆ ಅವನದೊಂದು ರಕ್ತಪರೀಕ್ಷೆಯ ಅಂಗಡಿ. ಸುತ್ತಲ ಊರುಗಳ ರಕ್ತದಾನ ಶಿಬಿರಗಳಿಗೆ ಹೋಗಿ ಯಾರದು ಯಾವ ಗುಂಪು ಎಂದು ಬರೆದುಕೊಳ್ಳುವುದು, ತುರ್ತಿಗೆ ಅವರನ್ನು ಹುಡುಕಿ ಎಳೆತರುವುದು ಅವನ ಹುಚ್ಚು. ಅದರಿಂದ ಬದುಕಿದವರು ಎಷ್ಟೋ ಜನ.

ತೊಂಬತ್ತರ ದಶಕದ ಕೊನೆಗೆ ಮೈಸೂರಿನಿಂದ ಹಳೇ ಕಂಪ್ಯೂಟರೊಂದನ್ನು ತಂದ. ಹೆಸರು, ವಿಳಾಸ ತುಂಬಿಡುವ ಸಾಫ್ಟ್‌ವೇರೊಂದು ಯಾವುದೋ ಪತ್ರಿಕೆಯ ಜೊತೆ ಪುಗಸಟ್ಟೆ ಸಿಕ್ಕಿತ್ತು. ಬಿ.ಎಸ್ಸಿ. ಓದಿದ ನನ್ನನ್ನೇ ಕೂರಿಸಿಕೊಂಡು ಪಾಠ ಹೇಳಿದ.

“ಎಮ್ಮೆ ಕರೆಯೋದ್ಕಿಂತ ಸಲೀಸು ಕಣ್ಲಾ. ಗುಂಪು ಒತ್ತು, ಎಸ್ರು ಉದುರ್ತವೆ. ಎಮ್ಮೆಯಾದ್ರೂ ಒದೀತದೆ, ಇದು ಒದಿಯಾಕಿಲ್ಲ.”

ಒಂದೇ ಬೆರಳಲ್ಲಿ ತಿಂಗಳುಗಟ್ಟಲೆ ಕುಟ್ಟಿ ಎಲ್ಲವನ್ನೂ ಒಂದು ಫ್ಲಾಪಿಗೆ ತುಂಬಿದ. ಕಂಪ್ಯೂಟರಿನ ಹೊಟ್ಟೆಯನ್ನು ನಂಬದೆ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಹಳೇ ರಿಜಿಸ್ಟರುಗಳು ಪುರಿ ಕಟ್ಟಲು ಹೋದವು. ಇನ್ನೊಂದು ಪ್ರತಿ ಇರಲಿ ಎಂದು ನಾನು ಹೇಳಿದ್ದಕ್ಕೆ, ನನ್ನನ್ನು ಓದಿ ಕೆಟ್ಟವನೆಂದ.

ಆಯುಧಪೂಜೆಯ ಮಾರನೆಯ ದಿನ ನನ್ನ ಅಕ್ಕನಿಗೆ ಹೆರಿಗೆಯಾಯಿತು. ಮಗು ಗಟ್ಟಿಯಾಗಿತ್ತು. ಅಕ್ಕನ ರಕ್ತ ನಿಲ್ಲಲಿಲ್ಲ. ಓ ನೆಗೆಟಿವ್ ಬೇಕು, ಮೈಸೂರು ಮುಟ್ಟುವಷ್ಟು ಹೊತ್ತಿಲ್ಲ ಎಂದರು ಡಾಕ್ಟರು. ನಾನು ಓಡಿದೆ.

ಪುಟ್ಟಸ್ವಾಮಣ್ಣ ಗತ್ತಿನಿಂದ ಫ್ಲಾಪಿ ತೂರಿಸಿದ. ಯಂತ್ರ ಕರಕರ ಎಂದಿತು. ಹೊರಗೆಳೆದು ಅದರ ತಗಡಿನ ಮುಚ್ಚಳ ಸರಿಸಿ ನೋಡಿದೆ. ಒಳಗಿನ ಕಪ್ಪು ಹಾಳೆಯ ಮೇಲೆ ಒಣಗಿದ ಗಂಧ, ನಡುವೆ ಕುಂಕುಮ.

“ಮೇಲಿರೋದು ಬರೀ ಅಂಗಿ ಕಣ್ಲಾ, ದ್ಯಾವ್ರು ಒಳಗವ್ನೆ,” ಎಂದ. “ಅಂಗಿಗೆ ಕುಂಕುಮ ಇಡ್ತಾರಾ?”

ನಾನು ಅವನ ಕೊರಳಪಟ್ಟಿ ಹಿಡಿದಿದ್ದೆ. ಆಗಲೇ ಅವನಿಗೆ ಅರ್ಥವಾದದ್ದು. ನಿಲ್ದಾಣಕ್ಕೆ ಓಡಿ ನಿಂತ ಬಸ್ಸುಗಳನ್ನೆಲ್ಲ ಹತ್ತಿಳಿದು ಯಾರದು ಯಾವ ಗುಂಪೆಂದು ಕೇಳಿದ. ಎಲ್ಲ ಬಸ್ಸಲ್ಲೂ ಅದೇ ಉತ್ತರ: “ನೀವೇ ಬರ್ಕೊಂಡಿದ್ರಲ್ಲ ಸ್ವಾಮಿ.”

ಕೊನೆಗೆ ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕಣ್ಣು ಮುಚ್ಚಿದ. ಶಿಬಿರದಲ್ಲಿ ಮೂರ್ಛೆ ಹೋದವರು, ಸೂಜಿ ಕಂಡು ಓಡಿದವರು, ಒಬ್ಬೊಬ್ಬರನ್ನೇ ನೆನೆದು ಗೊಣಗುತ್ತ ಹೋದವನು ತಟ್ಟನೆ ಎದ್ದ. ಅಪರೂಪದ ರಕ್ತಕ್ಕೆ ಎರಡು ಪೊಟ್ಟಣ ಬಿಸ್ಕತ್ತು ಕೊಡಬೇಕೆಂದು ಹೊಸಹೊಳಲಿನ ಕೆಂಪಮ್ಮ ಅವನೊಡನೆ ಬೀದಿಜಗಳ ಆಡಿದ್ದಳು.

ನಾವು ಅವನ ಟಿವಿಎಸ್ ಮೊಪೆಡ್ಡಿನಲ್ಲಿ ಹೋದಾಗ ಕೆಂಪಮ್ಮ ಕೊಟ್ಟಿಗೆ ಗುಡಿಸುತ್ತಿದ್ದಳು. ಸಗಣಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ನಮ್ಮಿಬ್ಬರ ನಡುವೆ ಟಿವಿಎಸ್ ಹತ್ತಿದಳು. “ಓದ್ ಸಲದ್ದೂ ಸೇರಿ ಮೂರು ಪೊಟ್ಟಣ ಕಣಪ್ಪ,” ಎಂದು ಪುಟ್ಟಸ್ವಾಮಣ್ಣನ ಬೆನ್ನಿಗೆ ಗುದ್ದಿದಳು. ಅವನು ಗಾಡಿಯ ಕಿವಿ ಹಿಂಡಿದ.

ಅಕ್ಕ ಉಳಿದಳು. ಈಗಲೂ ಯಾವುದಾದರೂ ಯಂತ್ರ ಕರಕರ ಎಂದರೆ, ಕೆಂಪಮ್ಮ ಅಂದು ಸಂತೆಗೆ ಹೋಗಿದ್ದಿದ್ದರೆ ಎಂಬಲ್ಲಿಗೆ ಬಂದು ನನ್ನ ಮನಸ್ಸು ನಿಂತುಬಿಡುತ್ತದೆ.

ಮುಂದಿನ ವರ್ಷ ಅವನು ಅಂಗಡಿಯನ್ನು ನಾಗಮಂಗಲಕ್ಕೆ ಸಾಗಿಸಿದ. ಕೊನೆಯ ಸಲ ಕಂಡದ್ದು ಅಲ್ಲಿಗೆ ಹೊರಟ ಬಸ್ಸಿನ ಕಿಟಕಿಯಲ್ಲಿ. ನನ್ನನ್ನು ಕಂಡವನೇ ಕತ್ತು ಹೊರಗೆ ಹಾಕಿದ.

“ನಿಂದ್ಯಾವ್ ಗುಂಪು, ಏಳ್ಲಾ.”

“ಬಿ ಪಾಸಿಟಿವ್.”

“ಅಕ್ಕಂದು?”

ಹೇಳಿದೆ. ಎರಡನ್ನೂ ಬಾಯಲ್ಲೇ ಒಮ್ಮೆ ಹೇಳಿಕೊಂಡು, ತಲೆಯಾಡಿಸಿ ಕತ್ತು ಒಳಗೆಳೆದುಕೊಂಡ. ಬಸ್ಸು ಹೊರಟಿತು. ಪಕ್ಕದ ಮುದುಕನ ಭುಜ ಅಲುಗಿಸಿ, ಅವನನ್ನು ನಿದ್ದೆಯಿಂದ ಎಬ್ಬಿಸಿ, ಏನೋ ಕೇಳುತ್ತಿದ್ದ.